ನಾಲ್ಕನೇ ಮಹಡಿಯ ಜಿನ್

ಅಲೆಕ್ಸಾಂಡ್ರಿಯಾದ ಹಳೇ ಲಿಫ್ಟುಗಳಿಗೆಲ್ಲ ಇಂಜಿನಿಯರ್ ಇಗ್ಲಾಲ್ ಕಂಡರೆ ಭಯ ಎಂದು ಆಫೀಸಿನಲ್ಲಿ ನಗಾಡುತ್ತಿದ್ದರು. ಆದರೆ ಲಿಫ್ಟ್ ರಿಪೇರಿ ಮಾಡುವ ಆ ಕಂಪನಿ ನೌಕರರಿಗೆಂದೇ ಒಂದು ಬ್ಲಾಗ್ ತೆರೆದು, ಗೊತ್ತಿದ್ದದ್ದನ್ನು ಬರೆಯಿರಿ, ಬಹುಮಾನ ಕೊಡುತ್ತೇವೆ ಎಂದಾಗ ಅವಳು ಮೂಗು ಮುರಿದಳು.

"ಇಷ್ಟು ವರ್ಷ ಮೈಗೆಲ್ಲ ಗ್ರೀಸ್ ಮೆತ್ಕೊಂಡು ಕಲ್ತಿದ್ದನ್ನ ಅಲ್ಲಿ ಸುರಿದ್ಬಿಟ್ರೆ, ನಾಳೆ ನನ್ನ ಯಾರು ಕೇಳ್ತಾರೆ?" ಎಂದು ಪಕ್ಕದ ಮೇಜಿನ ಫಿಕ್ರಿಯ ಬಾಯಿ ಮುಚ್ಚಿಸಿದಳು.

ಆ ಚಳಿಗಾಲದಲ್ಲಿ ಅತ್ತಾರೀನ್ ಕಡೆಯ ಕಟ್ಟಡವೊಂದರ ಲಿಫ್ಟು ಯಾರೂ ಕರೆಯದೆ ನಾಲ್ಕನೇ ಮಹಡಿಗೆ ಹೋಗಿ ನಿಲ್ಲತೊಡಗಿತು. ಜಿನ್ ಭೂತ ಹೊಕ್ಕಿದೆ ಎಂದು ಜನ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಇಗ್ಲಾಲ್ ಹೋಗಿ ನೋಡಿದರೆ, ಆ ಮಹಡಿಯ ಅಜ್ಜಿಯೊಬ್ಬಳು ಒದ್ದೆ ಹೊದಿಕೆಗಳನ್ನು ಗೋಡೆಯಲ್ಲಿದ್ದ, ಲಿಫ್ಟ್ ಕರೆಯುವ ಗುಂಡಿಯ ಮೇಲೆಯೇ ಇಳಿಬೀಳುವಂತೆ ಒಣಹಾಕಿದ್ದಳು. ನೀರು ಒಳಗಿಳಿದು ಗುಂಡಿ ಒತ್ತಿದಂತಾಗುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬೇಯಿಸಿದ ಕಾಳಿನ ಫೂಲ್ ಮೆಲ್ಲುತ್ತ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದಳು. ಮರುದಿನ ಫಿಕ್ರಿ ಅದನ್ನು ಬ್ಲಾಗಿಗೆ ಏರಿಸಿಬಿಟ್ಟಿದ್ದ. ಅದರಲ್ಲಿ ಅವಳು ಮೋಟಾರನ್ನೇ ಬದಲಿಸಿದ್ದಳು!

"ಲೋ ಕತ್ತೆ, ಮೋಟಾರು ಎಲ್ಲಿಂದ ಬಂತೋ?"

"ಕಥೆಗೆ ಸ್ವಲ್ಪ ತೂಕ ಇರ್ಲಿ ಅಂತ ಹಾಕ್ದೆ ಮೇಡಂ. ತಪ್ಪಿದ್ರೆ ನೀವೇ ತಿದ್ದಿ."

ಸಿಟ್ಟಿನಲ್ಲೇ ಕೂತು ತಿದ್ದಿದಳು. ತಿದ್ದುತ್ತ ತಿದ್ದುತ್ತ ಅಜ್ಜಿಯ ಬೈಗುಳ, ಗುಂಡಿ ಒಣಗಿಸಿ ಜಿನ್ ಓಡಿಸಲು ಅದೇ ಅಜ್ಜಿಯಿಂದ ಪಡೆದ ಕೂದಲು ಒಣಗಿಸುವ ಯಂತ್ರ, ಎಲ್ಲವನ್ನೂ ಬರೆದಳು. ಸಂಜೆಯಾಗುವುದರೊಳಗೆ ದಮನ್‌ಹೂರ್ ಶಾಖೆಯಿಂದ ವಗೀಹ್ ಎಂಬವನ ಫೋನು.

"ಮೇಡಂ, ನಮ್ಮೂರಲ್ಲೂ ಇದೇ ಜಿನ್! ಇವತ್ತು ಸಿಕ್ಕಿಬಿತ್ತು."

"ಒದ್ದೆ ಬಟ್ಟೇನಾ?"

"ಅಲ್ಲ, ಉಪ್ಪಿನಕಾಯಿ ಜಾಡಿ. ಗುಂಡಿ ಮೇಲಿನ ಗೂಡಲ್ಲಿ ಸೋರ್ತಿತ್ತು. ನೀವು ಬರೀದಿದ್ರೆ ನಾನು ನಿಜವಾಗ್ಲೂ ಮೋಟಾರು ಬದಲಾಯಿಸ್ತಿದ್ದೆ!"

ಇಗ್ಲಾಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಸಲದ ಬಹುಮಾನ ಯಾರಿಗೆ ಹೋಯಿತೆಂದು ಕೇಳಲೂ ಇಲ್ಲ. ಬೆಳಿಗ್ಗೆ ಬಂದವಳೇ ಚಹಾಕ್ಕೂ ಮೊದಲು ಬ್ಲಾಗ್ ತೆರೆದು, ಯಾರ‍್ಯಾರು ಏನೇನು ಬರೆದಿದ್ದಾರೆಂದು ನೋಡುವುದು ಅಭ್ಯಾಸವಾಯಿತು. ಅವಳನ್ನು ಕೇಳುವವರು ಕಡಿಮೆಯಾಗುವ ಮಾತಿರಲಿ, ಊರೂರಿನಿಂದ ಫೋನು ಬರತೊಡಗಿತು.

ಒಮ್ಮೆ ಅವಳೂ ಸೋತಳು. ಹಡಗುಕಟ್ಟೆಯ ಬಳಿಯ ಹಳೇ ಲಿಫ್ಟೊಂದರ ಬ್ರೇಕು ಏನು ಮಾಡಿದರೂ ಕಿರುಚುವುದನ್ನು ಬಿಡಲೊಲ್ಲದು. ನಾಚಿಕೆ ಬಿಟ್ಟು ಅದನ್ನೂ ಬರೆದಳು. ಸ್ಪ್ರಿಂಗನ್ನು ತಿರುಗಿಸಿ ಹಾಕಿ ನೋಡಿ ಎಂದು ವಗೀಹ್ ಉತ್ತರಿಸಿದ.

ತಿರುಗಿಸಿ ಹಾಕಿದಳು. ಲಿಫ್ಟು ಸದ್ದಿಲ್ಲದೆ ಮೇಲೇರಿತು. ಕೆಳಗೆ ನಿಂತಿದ್ದ ಹೆಂಗಸರು ಸಂತೋಷಕ್ಕೆ ನಾಲಗೆ ಹೊರಳಿಸಿ ಝಗಾರಿತ್ ಕೇಕೆ ಹಾಕಿದರು. ಇಗ್ಲಾಲ್ ಕೈ ಒರೆಸಿಕೊಳ್ಳುತ್ತ, ಇದನ್ನು ಎಲ್ಲಿಂದ ಶುರು ಮಾಡಲಿ ಎಂದು ಆಗಲೇ ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದಳು.