ಅವ್ವ ಮನೆಗೆ ಕರೆತಂದ ಹೆಂಗಸು

ಅವ್ವ ತೀರಿಕೊಂಡು ವರ್ಷವಾದಾಗ ಚರ್ಚಿನಲ್ಲಿ ಮಾಡಿಸಿದ ಪೂಜೆಗೆ ಬಂದವರೆಲ್ಲ ನನ್ನ ಕೈ ಹಿಡಿದು, "ದೇವ್ರಂಥ ಹೆಂಗ್ಸು ಕಣವ್ವ ನಿಮ್ಮವ್ವ" ಅಂದರು. ನಾನು ತಲೆಯಾಡಿಸಿದೆ. ಮಾತು ಸುಳ್ಳಲ್ಲ. ಆದರೂ ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರೋ ಎಂದು ಯೋಚಿಸುತ್ತಾ ನಿಂತಿದ್ದೆ.

ನಾವು ಮೊದಲು ಮೊಳಕಾಲ್ಮೂರಿನಲ್ಲಿದ್ದೆವು. ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಮುಂದಿನ ಕೋಣೆಯ ತುಂಬ ಮಗ್ಗ, ಹಿಂದಿನ ಕೋಣೆಯಲ್ಲಿ ಒಲೆ, ಹಾಸಿಗೆ, ಗೋಡೆಯ ಮೇಲೆ ಯೇಸುವಿನ ತಾಯಿ ಮರಿಯಮ್ಮನವರ ಪಟ. ನೂಲು, ಜರಿ ಎಲ್ಲ ಸೀರೆ ಅಂಗಡಿಯ ಸಾಹುಕಾರರದು, ದುಡಿಮೆ ಮಾತ್ರ ನಮ್ಮದು. ಅವ್ವ ಅಪ್ಪನಿಗೆ ನೂಲು ಸುತ್ತಿಕೊಡುತ್ತಾ ಬಾಯಲ್ಲೇ ಜಪ ಹೇಳಿಕೊಳ್ಳುತ್ತಿದ್ದಳು. ಊರಲ್ಲಿ ಕಥೋಲಿಕರ ಮನೆಗಳು ಕಡಿಮೆ. ಪೂಜೆಗೆ ಚಳ್ಳಕೆರೆಯ ಬಸ್ಸು ಹತ್ತಬೇಕು. ಜ್ವರ ಬಂದರೂ ಅವ್ವ ಭಾನುವಾರ ತಪ್ಪಿಸಿದವಳಲ್ಲ. ಆಕೆ ಸಿಸ್ಟರುಗಳ ಅನಾಥಾಲಯದಲ್ಲಿ ಬೆಳೆದವಳು. "ಯಾರೋ ನನ್ನ ಎತ್ಕೊಂಡ್ರು, ಅದಕ್ಕೇ ಇವತ್ತು ಇದೀನಿ" ಎನ್ನುತ್ತಿದ್ದಳು. ನಮ್ಮ ಮನೆಯ ಸಾರಿನ ಪಾತ್ರೆಯಲ್ಲಿ ಯಾವಾಗಲೂ ಹೊರಗಿನ ಒಬ್ಬರ ಪಾಲು ಇರುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ, ಒಂದು ಭಾನುವಾರ ಪೂಜೆ ಮುಗಿಸಿ ಬಂದ ಅವ್ವ ಒಬ್ಬಳೇ ಬರಲಿಲ್ಲ. ತನ್ನ ಹೆಗಲಿಗೆ ಒರಗಿಸಿಕೊಂಡು ಒಬ್ಬ ಹೆಂಗಸನ್ನು ನಡೆಸಿಕೊಂಡು ಬಂದಳು. ಅವಳು ಯಾರೆಂದು ಕೇರಿಗೆಲ್ಲ ಗೊತ್ತಿತ್ತು. ಗಂಡ ಲಾರಿ ಓಡಿಸುತ್ತಿದ್ದವನು, ಏಡ್ಸ್ ಬಂದು ಸತ್ತಿದ್ದ. ಇವಳಿಗೂ ಅದೇ ಎಂದು ತಿಳಿದ ಮೇಲೆ ಗಂಡನ ಮನೆಯವರು ಮೊದಲು ದನದ ಕೊಟ್ಟಿಗೆಗೆ, ಆಮೇಲೆ ಬೀದಿಗೆ ಹಾಕಿದ್ದರು. ಬಸ್‌ ಸ್ಟ್ಯಾಂಡಿನ ಹಿಂದೆ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಮಲಗಿರುತ್ತಿದ್ದಳು. ಕರುಣೆ ಇದ್ದವರು ದೂರದಿಂದ ಬಾಳೆಹಣ್ಣು ಎಸೆದು ಹೋಗುತ್ತಿದ್ದರು. ಆಟೋದವನು ಹತ್ತಿಸಿಕೊಳ್ಳಲಿಲ್ಲವೆಂದು ಅವ್ವ ಅಲ್ಲಿಂದ ಮನೆಯವರೆಗೂ ಅವಳನ್ನು ನಡೆಸಿಕೊಂಡೇ ಬಂದಿದ್ದಳು.

ಅಪ್ಪ ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯಿಂದ ಎದ್ದು ನಿಂತರು.

"ಏನೇ ಇದು? ಮನೇಲಿ ವಯಸ್ಸಿಗೆ ಬಂದ ಮಗಳೈತೆ, ಮಗ್ಗದ ಮ್ಯಾಲೆ ಮದುವೆ ಸೀರೆ ಐತೆ."

"ಮುಟ್ಟಿದ್ರೆ ಬರಲ್ಲ ಅಂತ ಆಸ್ಪತ್ರೆ ಡಾಕ್ಟ್ರೇ ಹೇಳವ್ರೆ ಕಣ್ರೀ."

"ಡಾಕ್ಟ್ರು ಸೀರೆ ತಗೋತಾರೇನೇ?"

ಅವ್ವ ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಒಲೆಯ ಪಕ್ಕ ಚಾಪೆ ಹಾಸಿ ಅವಳನ್ನು ಮಲಗಿಸಿದಳು. ಬಿಸಿನೀರು ಕಾಯಿಸಿ ಮೈ ಒರೆಸಿದಳು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಾತ್ರೆ ತಂದಳು. ಆದರೆ ಆ ಹೆಂಗಸು ಮಾತ್ರೆಯಿಂದ ಚೇತರಿಸಿಕೊಳ್ಳಲಾಗದಷ್ಟು ಸೊರಗಿಹೋಗಿದ್ದಳು. ಆಂಧ್ರದ ಗಡಿಯ ಕಡೆಯವಳು, ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಒಂದು ದಿನ ಅವ್ವ ಗಂಜಿ ಕುಡಿಸುತ್ತಿದ್ದಾಗ ಕೇಳಿದಳು: "ಅಕ್ಕಾ, ನಾನು ನಿಮ್ಮ ದೇವ್ರಿಗೆ ಸೇರ್ಬೇಕಾ?"

"ಬ್ಯಾಡವ್ವ. ನೀನು ಗಂಜಿ ಕುಡಿ."

ಅವ್ವ ಅವಳೆದುರು ಗಟ್ಟಿಯಾಗಿ ಜಪ ಕೂಡ ಹೇಳುತ್ತಿರಲಿಲ್ಲ. ಉಣ್ಣಲು ಕೊಟ್ಟಿದ್ದಕ್ಕೆ ಅದು ಬಾಡಿಗೆ ಕೇಳಿದಂತೆ ಆಗುತ್ತದೆ ಎಂದು ನನಗೆ ಹೇಳಿದ್ದಳು.

ಸುದ್ದಿ ಸಾಹುಕಾರರಿಗೆ ಹೋಯಿತು. ಒಂದು ಬೆಳಿಗ್ಗೆ ಅವರೇ ಬಂದರು, ಹೊಸಿಲು ದಾಟಲಿಲ್ಲ.

"ಏಮಯ್ಯಾ, ಯಾರನ್ನ ಇಟ್ಕಂಡಿದೀಯ ಒಳಗೆ? ನನ್ನ ಅಂಗಡಿ ಹೆಸ್ರು ಏನಾಗ್ಬೇಕು?"

"ಅವಳು ಹಿಂದ್ಲ ಕೋಣೇಲಿ ಅವ್ಳೆ ಸಾಹುಕಾರ್ರೇ. ಸೀರೆ ಹತ್ರನೂ ಬಂದಿಲ್ಲ."

"ನಾನು ನಂಬ್ತೀನಪ್ಪ. ಉಡೋರು ನಂಬಬೇಕಲ್ಲ."

ಅವರ ಜೊತೆ ಬಂದಿದ್ದ ಇಬ್ಬರು ಆಳುಗಳು ಒಳಗೆ ಬಂದು, ಮಗ್ಗದ ಮೇಲೆ ಅರ್ಧ ನೇಯ್ದಿದ್ದ ಸೀರೆಯನ್ನು ಕತ್ತರಿಸಿದರು. ಬಿಗಿಯಾಗಿದ್ದ ಎಳೆಗಳು ಕತ್ತರಿ ಬಿದ್ದೊಡನೆ ಸಡಿಲಾಗಿ ಜೋತುಬಿದ್ದವು. ಅಪ್ಪ ತಡೆಯಲಿಲ್ಲ. ಅವರು ಸೀರೆ, ನೂಲು, ಜರಿ ಎಲ್ಲ ಎತ್ತಿಕೊಂಡು ಹೋದ ಮೇಲೆ ಖಾಲಿ ಮಗ್ಗದ ಕುಣಿಯೊಳಗೆ ಇಳಿದು ಕಾಲು ಬಿಟ್ಟುಕೊಂಡು ಸಂಜೆಯವರೆಗೂ ಕೂತರು. ಹಿಂದಿನ ಕೋಣೆಯಲ್ಲಿ ಆ ಹೆಂಗಸು ಗೋಡೆಯ ಕಡೆ ಮುಖ ಮಾಡಿ, "ನನ್ನ ಕಳಿಸ್ಬಿಡಕ್ಕ, ಹೋಗ್ತೀನಿ" ಎಂದು ಅಳುತ್ತಿದ್ದಳು. ಅವ್ವ ಅವಳ ಬೆನ್ನು ನೀವುತ್ತಿದ್ದಳು. ಅಪ್ಪನ ಹತ್ತಿರ ಹೋಗಲು ಆಕೆಗೆ ಧೈರ್ಯವಾಗಲಿಲ್ಲವೆಂದು ಈಗ ಅನ್ನಿಸುತ್ತದೆ.

ಸ್ವಲ್ಪ ದಿನಗಳಲ್ಲೇ ಅವಳು ಸತ್ತಳು. ಗಂಡನ ಮನೆಗೆ ಹೇಳಿ ಕಳಿಸಿದರೆ ಮೈದುನ ಮಾತ್ರ ಬಂದ. ದೂರ ನಿಂತು ತಮ್ಮ ಜನರ ಮಣ್ಣು ಮಾಡುವ ಜಾಗ ತೋರಿಸಿದ. ಹೊರಲು ಯಾರೂ ಮುಂದೆ ಬರಲಿಲ್ಲ. ಅಪ್ಪ ಬೈಯುತ್ತಲೇ ಟವೆಲು ಹೆಗಲಿಗೆ ಹಾಕಿಕೊಂಡು ಬಂದರು. ಆಸ್ಪತ್ರೆಯ ಕೆಲಸದವರನ್ನು ಕರೆದುಕೊಂಡು ಬಂದು, ಮುಂದುಗಡೆ ತಾವೇ ಹೆಗಲು ಕೊಟ್ಟರು.

ಅಪ್ಪನಿಗೆ ಮತ್ತೆ ಯಾರೂ ನೂಲು ಕೊಡಲಿಲ್ಲ. ಮಗ್ಗ ಬಿಚ್ಚಿ ಮಾರಿ, ನಾವು ಚಳ್ಳಕೆರೆಗೆ ಬಂದೆವು. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುವ ಕೆಲಸಕ್ಕೆ ಸೇರಿದರು. ರೇಷ್ಮೆ ಎಳೆ ಸಿಕ್ಕಿಕೊಳ್ಳದಂತೆ ಎಣ್ಣೆ ಹಚ್ಚಿ ಕಾಪಾಡಿಕೊಂಡಿದ್ದ ಅಂಗೈ ಒಡೆದು ಬಿರುಕು ಬಿಟ್ಟಿತು. ಅವರು ಅವ್ವನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಒಮ್ಮೆ ಮಾತ್ರ, ಊಟಕ್ಕೆ ಕೂತಾಗ ಹೇಳಿದರು: "ನೀನು ದೇವ್ರಿಗೆ ಕೊಟ್ಟೆ, ಸರಿ. ಆದ್ರೆ ಕೊಟ್ಟಿದ್ದು ನಂದು."

ಅವ್ವ ತಟ್ಟೆಯಿಂದ ಕೈ ತೆಗೆದಳು. ಅವತ್ತು ಯಾರೂ ಉಣ್ಣಲಿಲ್ಲ.

ಅಪ್ಪ ಮಿಲ್ಲಿನ ಅಂಗಳದಲ್ಲೇ ಎದೆ ಹಿಡಿದುಕೊಂಡು ಕುಸಿದು ಹೋದರು. ಅಷ್ಟರಲ್ಲಿ ನನ್ನ ಮದುವೆಯಾಗಿ, ಅದೇ ಊರಲ್ಲಿ ಬೇರೆ ಓಣಿಯಲ್ಲಿದ್ದೆ. ಮಣ್ಣು ಮಾಡಿ ಕೆಲವು ವಾರಗಳಾದ ಮೇಲೆ ಅವ್ವ ಚರ್ಚಿನ ಸ್ವಾಮಿಗಳ ಹತ್ತಿರ ಪಾಪನಿವೇದನೆಗೆ ಹೋಗಿ ಬಂದವಳು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟಳು.

"ನಿಮ್ಮಪ್ಪನ ಮಗ್ಗ ನಾನು ಕಳೆದಿದ್ದು ಪಾಪನೇ ಅಲ್ಲ ಅಂದ್ರು ಕಣೆ ಸ್ವಾಮಿಗಳು. ಕ್ಷಮಿಸ್ರಿ ಅಂದ್ರೆ, ಕ್ಷಮಿಸಾಕೆ ಏನೂ ಇಲ್ಲ ಅಂತಾರೆ. ಹಂಗಾದ್ರೆ ನಾನು ಇದನ್ನ ಎಲ್ಲಿ ಇಳಿಸ್ಲಿ?"

"ಈಗ ಆ ಹೆಂಗ್ಸು ಅದೇ ಅಂಗಡಿ ಕಟ್ಟೆ ಮೇಲೆ ಸಿಕ್ಕಿದ್ರೆ ಕರ್ಕೊಂಡು ಬರ್ತೀಯೇನವ್ವ?" ಎಂದು ಕೇಳಿದೆ.

ಆಕೆ "ಬರ್ತೀನಿ" ಅಂದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಪ್ಪ ಸತ್ತಾಗಲೂ ಆಕೆ ಹಾಗೆ ಅತ್ತಿರಲಿಲ್ಲ.

ಸಕ್ಕರೆ ಕಾಯಿಲೆಯಿಂದ ಅವ್ವನ ಕಾಲು ಕೊಳೆಯಿತು. ಆಸ್ಪತ್ರೆಯಲ್ಲಿ ಪಾದ ಕತ್ತರಿಸಿ ತೆಗೆದ ಮೇಲೆ ಹಾಸಿಗೆ ಹಿಡಿದಳು, ನನ್ನ ಮನೆಯಲ್ಲಿಟ್ಟುಕೊಂಡೆ. ನಾನು ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಮೆಕ್ಯಾನಿಕ್ಕನ ಹೆಂಡತಿ ಬಂದು, ಮೂಗಿಗೆ ದುಪಟ್ಟಾ ಕೂಡ ಅಡ್ಡ ಹಿಡಿಯದೆ ಗಾಯದ ಬಟ್ಟೆ ಬದಲಿಸುತ್ತಿದ್ದಳು. ಅವ್ವನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

"ಬ್ಯಾಡ ಕಣವ್ವ, ಗಬ್ಬು ನಾತ."

"ನಮ್ಮ ಅಮ್ಮೀದು ನಾನೇ ಮಾಡಿದೀನಿ. ಸುಮ್ನಿರಿ ಅಮ್ಮಾ."

ಒಂದು ಸಂಜೆ ನಾನು ಬಂದು, ಆಕೆ ತನ್ನ ಮನೆಗೆ ಹೋದ ಮೇಲೆ ಅವ್ವ ನನಗೆ ಹೇಳಿದಳು: "ಮಾಡೋದು ಸಲೀಸು. ಮಾಡಿಸ್ಕಳೋದು ನನಗ್ಯಾರೂ ಕಲಿಸ್ಲಿಲ್ಲ."

ಕೊನೆಕೊನೆಗೆ ಜಪಸರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ನಮೋ ಮರಿಯಾ ಪ್ರಾರ್ಥನೆ ಶುರು ಮಾಡಿದರೆ ಅವ್ವ ಉಳಿದರ್ಧ ಹೇಳಬೇಕು. ಹೇಳುತ್ತಿರಲಿಲ್ಲ. ತುಟಿ ಬಿಗಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಮರೆತಿದ್ದಳೋ, ಬೇಡವಾಗಿತ್ತೋ, ನನಗೆ ತಿಳಿಯಲಿಲ್ಲ. ಎರಡೂ ಭಾಗವನ್ನು ನಾನೇ ಹೇಳುತ್ತಿದ್ದೆ. ಸ್ವಾಮಿಗಳು ಬಂದು ಕೊನೆಯ ಪ್ರಾರ್ಥನೆ ಹೇಳಿ ಹಣೆಗೆ ಎಣ್ಣೆ ಹಚ್ಚಿ ಹೋದ ಮಾರನೆಯ ದಿನ ಬೆಳಿಗ್ಗೆ, ನಾನು ಗಂಜಿ ಆರಿಸುತ್ತಿದ್ದಾಗ ಅವ್ವನ ಉಸಿರು ನಿಂತಿತು.

ಅಪ್ಪನ ಪಕ್ಕದಲ್ಲಿ ಜಾಗ ಸಿಗಲಿಲ್ಲ. ಸ್ಮಶಾನದ ಇನ್ನೊಂದು ಮೂಲೆಯಲ್ಲಿ, ಕಲ್ಲು ಜಾಸ್ತಿ ಇದ್ದ ನೆಲದಲ್ಲಿ ಹೂಳಿದೆವು. ಅಗೆಯುವವರು ಹಾರೆ ಹಾಕಿ ಹಾಕಿ ಬೆವೆತರು. ಮನೆಗೆ ಬಂದು ನಾನು ಅವ್ವನ ಹಾಸಿಗೆಯ ಬಟ್ಟೆಗಳನ್ನೆಲ್ಲ ನೆನೆಹಾಕಿದೆ. ಪಕ್ಕದ ಮನೆಯಾಕೆ ಚಹಾ ತಂದಿಟ್ಟು, ಬಕೆಟ್ಟಿನ ಇನ್ನೊಂದು ಕಡೆ ಕೂತು ಒಗೆಯತೊಡಗಿದಳು.