ಗುರಪ್ಪನ ಕೈಯಿಂದ ಕತ್ತರಿ ಕಸಿದವನು

ತಿಕೋಟಾದ ಗೌಡರ ದ್ರಾಕ್ಷಿ ತೋಟವನ್ನು ಸುಟ್ಟವನು ಗುರಪ್ಪನಲ್ಲ. ನಾನು. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡು ತಿರುಗಿದೆ. ಅವನು ಸತ್ತು ತಿಂಗಳ ಮೇಲಾಯಿತು, ಈಗ ಹೇಳುತ್ತಿದ್ದೇನೆ. ಧೈರ್ಯ ಬಂದು ಹೇಳುತ್ತಿಲ್ಲ. ಅವನ ಹೆಂಡತಿ ನನಗೆ ಕೈ ಮುಗಿದಳು — ಅದಕ್ಕೆ.

ಸಾರವಾಡದ ಒಂದೇ ಓಣಿಯಲ್ಲಿ ಬೆಳೆದವರು ನಾವು. ಶಾಲೆ ಬಿಟ್ಟದ್ದೂ ಒಂದೇ ವಾರ. ಅವನಿಗೆ ಕೈ ಇತ್ತು, ನನಗೆ ಬಾಯಿ ಇತ್ತು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿ ಕೆಲಸಕ್ಕೆ ಇಪ್ಪತ್ತು ಆಳುಗಳ ಗ್ಯಾಂಗ್ ಕಟ್ಟಿದೆವು. ತಿಕೋಟಾ, ಬಬಲೇಶ್ವರ ಕಡೆಯ ತೋಟಗಳಿಗೆಲ್ಲ ನಾವೇ. ನಾನು ತೋಟದವರ ಜೊತೆ ಮಾತಾಡಿ ಗುತ್ತಿಗೆ ಹಿಡಿಯುವುದು, ಅವನು ಕತ್ತರಿ ಹಿಡಿದು ಮುಂದೆ ನಡೆಯುವುದು. "ಲೇ ಸಿದ್ದ್ಯಾ, ನೀ ಬಾಯಿಲೆ ದುಡಿ, ನಾ ಕೈಲೆ ದುಡೀತೇನಿ. ಸಂಜೀಕ ಇಬ್ಬರ ಹೊಟ್ಟೀನೂ ಒಂದ," ಅನ್ನುತ್ತಿದ್ದ. ಗುತ್ತಿಗೆ ಹಿಡಿಯುವುದು ಹೇಗೆ ಅಂತ ಇಂದಿಗೂ ಹುಡುಗರು ನನ್ನನ್ನು ಕೇಳುತ್ತಾರೆ. ಚಹಾ ಮುಗಿಯುವ ತನಕ ತೋಟವನ್ನು ಹೊಗಳಿ, ದರದ ಮಾತನ್ನು ಅವರೇ ಎತ್ತಲಿ ಅಂತ ಹೇಳಿಕೊಡುತ್ತೇನೆ. ಆದರೆ ನಿಜ ಬೇರೆ. ಜನ ಕೆಲಸ ಕೊಡುತ್ತಿದ್ದದ್ದು ನನ್ನ ಹೊಗಳಿಕೆಗಲ್ಲ, ಗುರಪ್ಪನ ಕತ್ತರಿಗೆ. ಯಾವ ಕಡ್ಡಿಯನ್ನು ಎಷ್ಟು ಉಳಿಸಬೇಕು ಅಂತ ಬಳ್ಳಿಯನ್ನು ಮುಟ್ಟಿಯೇ ಹೇಳುತ್ತಿದ್ದ.

ಅಕ್ಟೋಬರ್ ಚಾಟಣಿ ಆದಮೇಲೆ ಕಡ್ಡಿಯ ತುದಿಯಲ್ಲಿ ಚಿಗುರೊಡೆಯುವ ಕಣ್ಣುಗಳಿಗೆ ಔಷಧ ಸವರಬೇಕು. ಆಗ ಇಡೀ ತೋಟ ಒಂದೇ ಸಲ ಚಿಗುರುತ್ತದೆ. ಆ ಔಷಧವನ್ನು ನೀರಿಗೆ ಹದವಾಗಿ ಕಲಸಬೇಕು; ಹೆಚ್ಚಾದರೆ ಕಣ್ಣು ಸುಟ್ಟೇ ಹೋಗುತ್ತದೆ. ಕಲಸುವ ಕೆಲಸ ನಂದು. ಅವತ್ತು ಮುಂಜಾನೆ ಡ್ರಮ್ಮಿಗೆ ಔಷಧ ಸುರಿದಿದ್ದೆ. ಅಷ್ಟರಲ್ಲಿ ಬಬಲೇಶ್ವರದಿಂದ ಫೋನ್ ಬಂತು. ದೊಡ್ಡ ತೋಟ, ದರದ ಜಗ್ಗಾಟ ಜೋರಾಯಿತು. ಬದುವಿನ ಮೇಲೆ ಅತ್ತ ಇತ್ತ ತಿರುಗುತ್ತ ಮಾತಾಡಿದೆ, ಗೆದ್ದೆ, ಹಿಗ್ಗಿನಲ್ಲಿ ಬಂದು — ಮತ್ತೊಮ್ಮೆ ಸುರಿದೆ.

ಗುರಪ್ಪ ಕೈಗವಸು ಹಾಕಿಕೊಂಡು ಡ್ರಮ್ಮಿನ ಹತ್ತಿರ ಬಂದವನು ನಿಂತ.

"ಲೇ, ಇವತ್ತ ವಾಸನಿ ಭಾಳ ಹೊಡ್ಯಾಕತ್ತೈತಲ್ಲೋ. ಸರಿ ಹಾಕೀಯಿಲ್ಲೋ?"

"ನೀ ಮೂಗ ಮುಚ್ಚಿ ಕೈ ನಡಸು. ನಾ ಹಾಕೀನಂದ್ರ ಮುಗೀತು."

ಅವನು ನಕ್ಕು ಹೋದ. ನನಗೆ ಆ ಕ್ಷಣದಲ್ಲೇ ಅನುಮಾನ ಬಂದಿತ್ತು — ಇದನ್ನೂ ಹೇಳಿಬಿಡುತ್ತೇನೆ. ಬಂದಿತ್ತು. ಡ್ರಮ್ಮು ಚೆಲ್ಲಿದರೆ ಗೌಡರ ಮುಂದೆ ಸಣ್ಣವನಾಗಬೇಕಲ್ಲ ಅಂತ ಸುಮ್ಮನಾದೆ. ನೀವು ತೋಟದವರಾಗಿದ್ದರೆ ಒಂದು ಮಾತು ಕೇಳಿ: ಔಷಧ ಕಲಸುವವನ ಫೋನನ್ನು ಮೊದಲು ಇಸಿದುಕೊಳ್ಳಿ.

ಎರಡು ವಾರ ಕಳೆದರೂ ತೋಟ ಚಿಗುರಲಿಲ್ಲ. ಕಡ್ಡಿಯ ಕಣ್ಣುಗಳು ಕರ್ರಗೆ ಒಣಗಿದ್ದವು. ಗೌಡರು ಇಬ್ಬರನ್ನೂ ಕರೆಸಿ, ಒಂದು ಕಡ್ಡಿ ಮುರಿದು ನನ್ನ ಮುಂದೆ ಹಿಡಿದರು.

"ಔಷಧ ಕಲಸಿದವರ ಯಾರು?"

ಗುರಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ, ತೋಳಿಗೆ ತೋಳು ತಾಗುವಷ್ಟು ಹತ್ತಿರ. ನಾನು ಹೇಳಿದೆ —

"ಔಷಧದ ಕೆಲಸ ಗುರಪ್ಪಂದರಿ."

ಅವನು ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ. ಕಡ್ಡಿ ನೋಡುವ ಹಾಗೆ ನೋಡಿದ, ಎಲ್ಲಿ ಕತ್ತರಿಸಬೇಕು, ಎಷ್ಟು ಉಳಿಸಬೇಕು ಅಂತ. ಆಮೇಲೆ ಗೌಡರ ಕಡೆ ತಿರುಗಿ, "ಹೌದರಿ ಯಪ್ಪಾ, ನನ್ನ ಕೈ ತಪ್ಪೇತಿ," ಅಂದ.

ಊರಿಗೆ ಮರಳುವಾಗ ಟೆಂಪೋದಲ್ಲಿ ಅವನೇ ಅಂದ: "ಮಂದಿ ನಿನ್ನ ಮಾತ ನಂಬಿ ಕೆಲಸ ಕೊಡ್ತಾರ. ನಿನ್ನ ಮಾತ ಹೋದ್ರ ಇಷ್ಟ ಮಂದಿ ಎಲ್ಲಿ ದುಡೀಬೇಕು? ಒಂದ ವರ್ಷಕ್ಕ ಎಲ್ಲಾರೂ ಮರೀತಾರ ತಗೋ."

ಒಂದು ವರ್ಷ. ಅವನು ನನಗೆ ಕೊಟ್ಟದ್ದು ಅಷ್ಟೇ. ನಾನು —

ಇಲ್ಲಿಗೆ ನಿಂತಿದ್ದರೆ ಹೆದರಿಕೆಯಲ್ಲಿ ಆಡಿದ ಸುಳ್ಳು ಅನ್ನಬಹುದಿತ್ತು. ನಿಲ್ಲಲಿಲ್ಲ. ಸುದ್ದಿ ತೋಟದಿಂದ ತೋಟಕ್ಕೆ ಹರಡಿತು. ಮರುವರ್ಷ ಬಬಲೇಶ್ವರದಲ್ಲಿ ಒಬ್ಬರು, "ಆ ಗುರಪ್ಪ ಬರಂಗಿದ್ರ ನಿಮ್ಮ ಗ್ಯಾಂಗ ಬ್ಯಾಡೋ ಮಾರಾಯಾ," ಅಂದರು. "ಬರ್ತಾನ್ರಿ, ಆದ್ರ ಬಳ್ಳಿ ಮುಟ್ಟಂಗಿಲ್ಲ. ಕತ್ತರಿಸಿದ ಕಡ್ಡಿ ಆರಿಸ್ತಾನ ಅಷ್ಟ," ಅಂದೆ ನಾನು. ಗುತ್ತಿಗೆ ಸಿಕ್ಕಿತು. ಅದರ ಮುಂದಿನ ತೋಟದಲ್ಲಿ ಅವರು ಕೇಳುವ ಮೊದಲೇ ನಾನೇ ಹೇಳಿದೆ. ಆಮೇಲಾಮೇಲೆ ಎಲ್ಲ ಕಡೆ ಹೇಳಿದೆ. ಗುರಪ್ಪನ ಕೈಗೆ ಕತ್ತರಿ ಕೊಡುವುದಿಲ್ಲ ಅನ್ನುವುದೇ ನನ್ನ ಗ್ಯಾಂಗಿನ ಹೆಚ್ಚುಗಾರಿಕೆಯಾಯಿತು.

ನಮ್ಮ ಸೀಮೆಯಲ್ಲೇ ಒಳ್ಳೆಯ ಚಾಟಣಿ ಕೈ ಅದು. ಎಂಟು ವರ್ಷ ಬಗ್ಗಿ ಬಗ್ಗಿ ಕಡ್ಡಿ ಆರಿಸಿತು. ಹೊಸ ಹುಡುಗರು ತಪ್ಪು ಕತ್ತರಿಸಿದಾಗ ಅವನು ಬಾಯಿ ತೆರೆಯುತ್ತಿದ್ದ, ನನ್ನ ಮುಖ ನೋಡಿ ಮುಚ್ಚಿಕೊಳ್ಳುತ್ತಿದ್ದ. ಮಧ್ಯಾಹ್ನ ಮಾತ್ರ ಮೊದಲಿನ ಹಾಗೇ ರೊಟ್ಟಿ ಗಂಟು ಬಿಚ್ಚಿ, "ಬಾ ಲೇ ಸಾಹುಕಾರಾ, ಉಣ್ಣೂಣು," ಅಂತ ಕರೆಯುತ್ತಿದ್ದ.

ಈ ಸಲ ಬೇಸಿಗೆ ಮುಗಿಯುತ್ತ ಬಂದಾಗ ಮನೆಯ ಕಟ್ಟೆಯ ಮೇಲೆ ಕುಳಿತಲ್ಲೇ ಎದೆ ಹಿಡಿದುಕೊಂಡ. ವಿಜಯಪುರದ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ನಾನೂ ಹೆಗಲು ಕೊಟ್ಟೆ. ಐದನೆಯ ದಿನ ಅವನ ಹೆಂಡತಿ ಕಾಶೀಬಾಯಿ ನನ್ನ ಮುಂದೆ ಬಂದು ಕೈ ಮುಗಿದಳು. "ಅಣ್ಣಾರ, ನಿಮ್ಮ ಹೆಸರಿಗೆ ಮಸಿ ಹಚ್ಚಿದ್ರು ನಮ್ಮವರು. ಆದ್ರೂ ನೀವು ಅವರ ಕೈ ಬಿಡಲಿಲ್ಲ. ದೊಡ್ಡ ಮನಸ ನಿಮ್ಮದು."

ಅವನು ಮನೆಯಲ್ಲೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ! ನಾನು ತಲೆಯಾಡಿಸಿ, ಅವಳು ಕೊಟ್ಟ ಚಹಾ ಕುಡಿದು, ಈಗ ನಾನಿರುವ ಇಬ್ರಾಹಿಂಪುರದ ಮನೆಗೆ ಬಂದೆ. ಆ ಚಹಾ ಕುಡಿದದ್ದು —

ನಿಜ ಹೇಳಲು ಮೊದಲು ತಿಕೋಟಾಕ್ಕೆ ಹೋದೆ. ಗೌಡರು ಎಲ್ಲ ಕೇಳಿ, "ಅಂವ ಎದುರ ಬಂದಾಗೆಲ್ಲಾ ನಾ ಮಾರಿ ತಿರುವೇನಲ್ಲೋ ಹಲ್ಕಟ್," ಅಂದು ಒಳಗೆ ಎದ್ದು ಹೋದರು. ಗುತ್ತಿಗೆ ಕೊಡುವ ಉಳಿದ ತೋಟಗಳಿಗೂ ಒಂದೊಂದಾಗಿ ಹೋಗಿ ಹೇಳುತ್ತಿದ್ದೇನೆ. ಈ ಹಂಗಾಮಿಗೆ ನನ್ನನ್ನು ಯಾರು ಕರೆಯುತ್ತಾರೋ ಬಿಡುತ್ತಾರೋ, ಅದು ಅವರಿಗೆ ಬಿಟ್ಟದ್ದು.

ನಿನ್ನೆ ಸಾರವಾಡಕ್ಕೆ ಹೋದೆ. ಕಾಶೀಬಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಮೊರ ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂತಲೇ ನಿಂತಿದ್ದೆ.

"ಮಗಳ ಲಗ್ನದಾಗ ಸಿಟ್ಟಿಗೆದ್ದು ನಮ್ಮವರಿಗೆ ಅಂದಿದ್ದೆರಿ," ಅಂದಳು, ನೆಲ ನೋಡುತ್ತ. "ಗೌಡರು ಯಾಕ ಬರಲಿಲ್ಲ ಗೊತ್ತೈತೇನು, ತ್ವಾಟ ಸುಟ್ಟ ಕೈಲೆ ಅಕ್ಷತಾ ಹಾಕಬ್ಯಾಡ್ರಿ ಅಂತ. ಅವರು ಹಾಕಲಿಲ್ಲರಿ. ಹಂದರದ ಹೊರಗ ನಿಂತ್ರು."

ಮೊರದ ಅಂಚಿಗೆ ಬಂದ ಜೋಳವನ್ನು ಒಳಗೆ ಸರಿಸಿ, ಆಮೇಲೆ ಕೇಳಿದಳು:

"ಆ ಮಾತ ನಾ ಈಗ ಹೆಂಗ ತಿರಗಿ ತಗೊಳ್ಳಲಿ, ಅಣ್ಣಾರ?"

ಸಿಟ್ಟಿಲ್ಲದೆ, ನನಗೆ ಗೊತ್ತಿರಬಹುದು ಅನ್ನುವ ಹಾಗೆ ಕೇಳಿದಳು. ನಾನು ಅಂಗಳದಲ್ಲೇ ಕುಳಿತೆ. ಅವಳು ಉತ್ತರಕ್ಕೆ ಕಾಯುತ್ತಲೇ ಇದ್ದಳು.