ಹಳದಿ ಮುಖದ ಗೇಟಜ್ಜ

ನನ್ನ ಗಂಡ ಶಾಲೆಯ ಗೇಟು ಕಾಯುತ್ತಿದ್ದರು. ಮಕ್ಕಳು ಅವರನ್ನು ಗೇಟಜ್ಜ ಅನ್ನುತ್ತಿದ್ದರು. ಅದಕ್ಕೆ ಮೊದಲು ಲಾರಿ ಕ್ಲೀನರ್ ಆಗಿದ್ದರು, ಆಮೇಲೆ ಸಿಮೆಂಟ್ ಗೋಡೌನಿನಲ್ಲಿ ಮೂಟೆ ಹೊತ್ತರು. ಹೊತ್ತೂ ಹೊತ್ತೂ ಎಡಭುಜ ಇಳಿದುಹೋಗಿತ್ತು. ಎಂಥ ಅಂಗಿ ಹಾಕಿದರೂ ಒಂದು ಕಡೆ ಜೋಲುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಶಾಲೆಗೆ ಸೇರಿದ ಮೇಲೆ ಅವರು ಆ ಮಾತೇ ಎತ್ತಲಿಲ್ಲ.

ಹೋದ ಚಳಿಗಾಲದಲ್ಲಿ ಗೇಟಿನ ಪಕ್ಕದ ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಮಕ್ಕಳು ನಿದ್ದೆ ಅಂದುಕೊಂಡು ಸದ್ದು ಮಾಡದೆ ದಾಟಿ ಹೋಗಿದ್ದರಂತೆ.

ಆಮೇಲೆ ನನಗೆ ಬೇಕಾಗಿದ್ದು ಅವರದೊಂದು ಫೋಟೋ. ಮದುವೆಯದ್ದು ಇದೆ. ಅದರಲ್ಲಿರುವವನು ಯಾರೋ ಹುಡುಗ, ಮೀಸೆ ಬರೆದ ಹಾಗಿದೆ. ಗುರುತಿನ ಚೀಟಿಯದ್ದನ್ನು ದೊಡ್ಡದು ಮಾಡಿಸಿದೆ, ಮಸಿ ಮೆತ್ತಿದ ಹಾಗೆ ಬಂತು. ನನ್ನ ಜೊತೆ ಮುದುಕರಾದ ಮುಖ ಅದೆರಡರಲ್ಲೂ ಇರಲಿಲ್ಲ. ನಮ್ಮ ಫೋನು ಗುಂಡಿ ಒತ್ತುವಂಥದ್ದು, ಅದರಲ್ಲಿ ಫೋಟೋ ಬರುವುದಿಲ್ಲ.

ಶಾಲೆಯವರು ಮಾತ್ರ ಇಂಟರ್ನೆಟ್ಟಿನ ತಮ್ಮ ಪೇಜಿಗೆ ಪ್ರತಿ ವಾರ ಫೋಟೋ ಹಾಕುತ್ತಾರೆ. ಆಟದ ದಿನ, ಗಿಡ ನೆಟ್ಟ ದಿನ, ಹಲ್ಲಿನ ಡಾಕ್ಟರು ಬಂದ ದಿನ. ಇವರು ಎಲ್ಲದರಲ್ಲೂ ಒಂದು ಮೂಲೆಯಲ್ಲಿ ಇದ್ದೇ ಇರುತ್ತಾರೆ. ಹೋಗಿ ಕಂಪ್ಯೂಟರ್ ಮೇಡಂನ ಕೇಳಿದೆ. ಪಾಪ, ಚಿಕ್ಕ ವಯಸ್ಸಿನವಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ತೋರಿಸಿದಳು. ಇವರು ಎಲ್ಲದರಲ್ಲೂ ಇದ್ದರು. ಆದರೆ ಮುಖದ ಮೇಲೆ ಕಂಪ್ಯೂಟರಿನಲ್ಲೇ ನಗುವ ಗೊಂಬೆಮುಖದ ಹಳದಿ ಗುಂಡು ಅಂಟಿಸಿತ್ತು.

ಅದು ಯಾಕೆ ಬಂತು ಅಂತ ನನಗೆ ಗೊತ್ತಿತ್ತು. ಅಷ್ಟು ಫೋಟೋಗೂ ಬಂದಿರುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ.

ಇವರಿದ್ದಾಗ ಒಂದು ದಿನ ಯಾರೋ ಒಬ್ಬ ಗೇಟಿಗೆ ಬಂದು ಫೋನಿನಲ್ಲಿ ಎರಡನೇ ಕ್ಲಾಸಿನ ಹುಡುಗಿಯ ಫೋಟೋ ತೋರಿಸಿದ. ಶಾಲೆಯ ಪೇಜಿನಲ್ಲಿ ಇದ್ದದ್ದೇ.

"ನಾನು ಇವಳ ಚಿಕ್ಕಪ್ಪ. ಕರ್ಕೊಂಡು ಹೋಗೋಕೆ ಬಂದಿದೀನಿ."

"ಚಿಕ್ಕಪ್ಪಂಗೆ ಮಗು ಗುರುತು ಹಿಡಿಯೋಕೆ ಫೋನ್ ಬೇಕೇನಪ್ಪಾ?" ಅಂದರು ಇವರು. ಗೇಟು ತೆಗೆಯಲಿಲ್ಲ.

ಆ ಹುಡುಗಿಯ ತಾಯಿ ಗಂಡನ ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ಬಂದವಳು. ಬಂದವನು ಆ ಗಂಡನ ಕಡೆಯವನು. ಅವತ್ತಿನಿಂದ ಶಾಲೆಯಲ್ಲಿ ಹೊಸ ನಿಯಮ ಆಯಿತು. ಹಳೆಯದಿರಲಿ ಹೊಸದಿರಲಿ, ಮನೆಯವರು ಬೇಡ ಅಂದ ಮಗುವಿನ ಮುಖಕ್ಕೆ ಹಳದಿ ಗುಂಡು ಅಂಟಿಸಬೇಕು, ಅಂಟಿಸುವ ಮೊದಲಿನ ಫೋಟೋ ಅಳಿಸಿಬಿಡಬೇಕು. ಬೇಡ ಅಂದವಳು ಆ ತಾಯಿ ಒಬ್ಬಳೇ. ಮಿಕ್ಕ ಮಕ್ಕಳು ಆ ಹುಡುಗಿಯನ್ನು "ಬಲ್ಬು, ಬಲ್ಬು" ಅಂತ ಕಾಡಿಸಿದರು. ಅವಳು ಗೇಟಿನ ಹತ್ತಿರ ಬಂದು ಅತ್ತಳು.

ಇವರು ನೆಟ್ಟಗೆ ಕಂಪ್ಯೂಟರ್ ಮೇಡಂ ಹತ್ತಿರ ಹೋದರು.

"ನನಗೂ ಒಂದು ಅಂಟಿಸಿ ಮೇಡಂ."

"ನಿಮಗ್ಯಾಕೆ ಅಜ್ಜಾ? ನಿಮ್ಮನ್ನ ಯಾರು ಎತ್ಕೊಂಡು ಹೋಗ್ತಾರೆ?"

"ಹೋದ್ರೆ ನಮ್ಮನೆಯವಳಿಗೆ ನೆಮ್ಮದಿ. ಮಗು ಒಂಟಿಯಾಗ್ಬಿಟ್ಟಿದೆ, ಅಂಟಿಸಿ."

ಊಟಕ್ಕೆ ಕೂತಾಗ ಇದನ್ನು ನನಗೆ ಹೇಳಿದರು. "ಮುಖ ಮುಚ್ಚಿದ್ರೆ ಫೋಟೋ ಚೆನ್ನಾಗೇ ಬರುತ್ತೆ ಬಿಡ್ರೀ" ಅಂದೆ. ಅನ್ನ ನೆತ್ತಿಗೇರುವ ಹಾಗೆ ನಕ್ಕರು.

"ಮುಚ್ಚದೇ ಇರೋದು ಯಾವುದಾದ್ರೂ ಉಳಿದಿದೆಯಾ ಮೇಡಂ?" ಅಂತ ಈಗ ಕಂಪ್ಯೂಟರ್ ಮುಂದೆ ಕೂತು ಕೇಳಿದೆ.

"ಎಲ್ಲಾ ಅಳಿಸ್ಬಿಟ್ಟೆ ಅಮ್ಮಾ. ಅಜ್ಜಂದು ಅಂತ ಬೇರೆ ಇಡ್ಬೇಕು ಅನ್ನೋದು ಹೊಳೀಲೇ ಇಲ್ಲ." ಅವಳ ಕಣ್ಣು ತುಂಬಿತು. ನಾನು ಅಳಲಿಲ್ಲ. ಅವಳೇ ಬಿಡದೆ, ಮದುವೆಯ ಫೋಟೋ ಕೊಡಿ, ಕಂಪ್ಯೂಟರಿಗೆ ವಯಸ್ಸು ಹೇಳಿದರೆ ಅದೇ ಆ ವಯಸ್ಸಿನ ಮುಖ ಮಾಡಿ ಕೊಡುತ್ತೆ ಅಂದಳು. ಕೊಟ್ಟೆ. ಮುಂದಿನ ವಾರ ಕರೆದು ತೋರಿಸಿದಳು.

"ಇದ್ಯಾರು?" ಅಂದೆ.

"ಅಜ್ಜ ಅಲ್ವಾ ಅಮ್ಮಾ?"

"ಬ್ಯಾಂಕ್ ಮ್ಯಾನೇಜರ್ ಇದ್ದ ಹಾಗಿದಾನೆ ಈಯಪ್ಪ. ತೆಗೀರಿ."

ತೆಗೆದಳು. ಹಳೆಯವನ್ನೇ ಮತ್ತೆ ನೋಡುತ್ತಾ ಹೋದೆವು. ಗಿಡ ನೆಟ್ಟ ದಿನದ್ದು ಬಂತು. ಇವರು ಭುಜ ಇಳಿಬಿಟ್ಟುಕೊಂಡು ನಿಂತಿದ್ದಾರೆ. ಮೊಣಕಾಲವರೆಗೆ ಮಣ್ಣು. ಪಕ್ಕದಲ್ಲಿ ಆ ಹುಡುಗಿ, ಅವಳಿಗೂ ಹಳದಿ ಗುಂಡು. ಇವರ ಕೈ ಅವಳ ತಲೆಯ ಮೇಲಿದೆ. ಬೆರಳು, ಉಗುರು ಎಲ್ಲಾ ಚೆನ್ನಾಗಿ ಕಾಣುತ್ತದೆ.

"ಇದೇ ಸಾಕು," ಅಂದೆ.

"ಮಗುನ ಕತ್ತರಿಸಿ ಕೊಡ್ತೀನಿ ಅಮ್ಮಾ. ಅವರಮ್ಮನ್ನ ಕೇಳ್ದೆ ಹಾಗೇ ಕೊಡೋ ಹಾಗಿಲ್ಲ."

"ಕತ್ತರಿಸಿದ್ರೆ ಇವರ ಕೈಯೂ ಹೋಗುತ್ತಲ್ಲ. ನಾನೇ ಕೇಳ್ತೀನಿ."

ಶಾಲೆ ಬಿಡುವವರೆಗೆ ಗೇಟಿನಲ್ಲಿ ನಿಂತೆ. ಕುರ್ಚಿಯಲ್ಲಿ ಈಗ ಬೇರೆಯವನು ಕೂತಿದ್ದಾನೆ. ಎದ್ದು ಜಾಗ ಕೊಟ್ಟ. ಬೇಡ ಅಂದೆ. ತಾಯಿ ಬಂದಳು. ಹೊಲಿಗೆ ಅಂಗಡಿಯಲ್ಲಿ ಕೆಲಸ, ಸೆರಗಿನ ತುಂಬ ದಾರದ ಚೂರು. ನನ್ನ ಮಾತು ಕೇಳುತ್ತಾ ಆ ಚೂರುಗಳನ್ನು ಒಂದೊಂದೇ ಕಿತ್ತಳು. ಬೇಡ ಅಂದರೆ ಮನೆಗೆ ಹೋಗುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

"ಯೂನಿಫಾರ್ಮಿನ ಮೇಲೆ ಶಾಲೆ ಹೆಸರಿನ ಬ್ಯಾಡ್ಜು ಕಾಣುತ್ತಾ ಅಮ್ಮಾ?"

"ಕಾಣುತ್ತೆ."

"ಅದರ ಮೇಲೂ ಒಂದು ಅಂಟಿಸಿ. ಗೋಡೆಗಾದ್ರೆ ಹಾಕ್ಕೊಳ್ಳಿ. ಫೋನಿಗೆ ಮಾತ್ರ ಬೇಡ."

"ನನ್ನ ಫೋನಿಗೆ ಕಣ್ಣೇ ಇಲ್ಲ ತಾಯಿ."

ಅವಳು ನಕ್ಕಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಹುಡುಗಿ "ಅಜ್ಜಿ, ಅಜ್ಜ ಯಾವಾಗ ಬರ್ತಾರೆ?" ಅಂದಳು. ತಾಯಿ ಗದರಿದಳು. "ಬರಲ್ಲಮ್ಮಾ," ಅಂದೆ ನಾನು.

ಫೋಟೋಗೆ ಕಟ್ಟು ಹಾಕಿಸಿ, ಕೂತರೆ ಎದುರಿಗೆ ಕಾಣುವ ಗೋಡೆಗೆ ತೂಗುಹಾಕಿದೆ. ತಮ್ಮನ ಹೆಂಡತಿ ಬಂದವಳು ಬಾಗಿಲಲ್ಲೇ ನಿಂತಳು.

"ಇದೇನಕ್ಕಾ? ಭಾವನ ಫೋಟೋ ಅಂದ್ರಿ, ಎರಡು ಗೊಂಬೆ ನಗ್ತಿವೆ!"

"ಎತ್ತರದ್ದು ನಿಮ್ಮ ಭಾವ. ಗಿಡ್ಡದ್ದು ಶಾಲೆ ಮಗು," ಅಂದೆ.

"ಮುಖ?"

"ಸಿಗಲಿಲ್ಲ. ಕೂತ್ಕೋ, ನೀರು ಕೊಡ್ತೀನಿ."